ಹಂಚಿದ್ದು ಕೆಲಸವನ್ನೋ, ಕೆಲಸಗಾರರನ್ನೋ?

ಶಿವಮೊಗ್ಗದ ವಿನೋಬನಗರ ಯಾರ ಹೆಸರು ಹೊತ್ತಿದೆಯೋ ಆ ವಿನೋಬಾ ಭಾವೆ ಭೂದಾನದವರು ಮಾತ್ರವಲ್ಲ, ಅನುವಾದಕರೂ ಹೌದು. ಅವರು ಗೀತೆಯನ್ನು ಮರಾಠಿಗೆ ತಂದ ‘ಗೀತಾಯಿ’ ಅಚ್ಚಾದದ್ದು 1932ರಲ್ಲಿ. ನಾಲ್ಕು ವರ್ಷದ ಮೇಲೆ, 1936ರಲ್ಲಿ, ಮರಾಠಿ ಮನೆಮಾತಿನ ಇನ್ನೊಬ್ಬರು, ಅಂಬೇಡ್ಕರ್, ‘ಜಾತಿ ವಿನಾಶ’ವನ್ನು ಇಂಗ್ಲಿಷಿನಲ್ಲಿ ಬರೆದರು. ಭಾಷಣಕ್ಕೆ ಕರೆದಿದ್ದ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಹಿಂದೆ ಸರಿಯಿತು. ಅಂಬೇಡ್ಕರ್ ತಾವೇ ಅಚ್ಚು ಹಾಕಿಸಿದರು. 1500 ಪ್ರತಿ ಎರಡೇ ತಿಂಗಳಲ್ಲಿ ಖಾಲಿ. 1937ರ ಎರಡನೇ ಮುದ್ರಣದ ಮುನ್ನುಡಿಯಲ್ಲಿ ಅನುವಾದಗಳ ಲೆಕ್ಕವಿದೆ: ಗುಜರಾತಿ, ತಮಿಳಿನಲ್ಲಿ ಆಗಿದೆ, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂನಲ್ಲಿ ಆಗುತ್ತಿದೆ. ಆ ಪಟ್ಟಿಯಲ್ಲಿ ಕನ್ನಡದ ಹೆಸರಿಲ್ಲ.

ಇದನ್ನು ಸಣ್ಣ ಸಂಗತಿ ಅಂತ ಬಿಡುವಂತಿಲ್ಲ. ಸಂಸ್ಕೃತದ ಕಾವ್ಯ, ಶಾಸ್ತ್ರಗಳನ್ನು ಸಾವಿರ ವರ್ಷದಿಂದ ತನ್ನದಾಗಿಸಿಕೊಂಡ ಭಾಷೆ ನಮ್ಮದು. ಆದರೆ ಯಾವುದು ಕನ್ನಡಕ್ಕೆ ಬರಬೇಕು ಅನ್ನೋದನ್ನು ತೀರ್ಮಾನಿಸಿದವರು ಕೇರಿಯವರಲ್ಲ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರ ‘ಬೂಸಾ’ ಮಾತು ಎಬ್ಬಿಸಿದ ಗಲಾಟೆಯ ತಳದಲ್ಲಿದ್ದದ್ದೂ ಇದೇ ಪ್ರಶ್ನೆ: ಈ ಕನ್ನಡದಲ್ಲಿ ನಮಗೇನಿದೆ?

ಸಮಾಜಶಾಸ್ತ್ರದಲ್ಲಿ ಅನುವಾದವೆಂದರೆ ಪದಕ್ಕೆ ಪದ ಹುಡುಕುವ ಕೆಲಸವಲ್ಲ. ಜಾತಿ ಅಂದರೆ ಬರೀ ಶ್ರಮವಿಭಜನೆ, ಅದು ಎಲ್ಲ ಸಮಾಜದಲ್ಲೂ ಇರೋದೇ ಎಂದು ವಾದಿಸುವವರಿಗೆ ಅಂಬೇಡ್ಕರ್ ಕೊಟ್ಟ ಉತ್ತರ ಪ್ರಸಿದ್ಧ: ಅದು ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರ ವಿಭಜನೆ, ಒಬ್ಬರ ಮೇಲೊಬ್ಬರನ್ನು ಪೇರಿಸಿಟ್ಟ ವಿಭಜನೆ. ಅನುವಾದಕ ಇಲ್ಲಿ ‘ಶ್ರಮಿಕರ’ ಬದಲು ‘ಶ್ರಮದ’ ಎಂದುಬಿಟ್ಟರೆ, ಅಂಬೇಡ್ಕರ್ ಯಾರನ್ನು ಎದುರಿಸಿದರೋ ಅವರ ವಾದವೇ ಅಂಬೇಡ್ಕರ್ ಬಾಯಲ್ಲಿ ಬಂದುಬಿಡುತ್ತದೆ.

ಈ ವ್ಯತ್ಯಾಸ ಬೇಗ ತಿಳಿಯುವುದು ಭದ್ರಾವತಿಯಂಥ ಊರಿನಲ್ಲಿ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಕಾರ್ಖಾನೆ ಕೆಲಸವನ್ನು ಹಂಚುತ್ತದೆ. ಜಾತಿ ಮನುಷ್ಯರನ್ನೇ ಹಂಚುತ್ತದೆ. ಪಾಳಿ ಮುಗಿಸಿ ಹೊರಬಂದವನು ಮತ್ತೆ ತನ್ನ ಕೇರಿಯವನೇ. ಈ ಊರಿನಲ್ಲಿ ಕನ್ನಡ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪ (1938–1997) ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ‘ದಲಿತ’ ಎಂಬ ಪದವನ್ನು ಚಳವಳಿ ಮರಾಠಿ ನಾಡಿನಿಂದ ಹಾಗೆಯೇ ತಂದುಕೊಂಡಿತು. ಅಂಬೇಡ್ಕರ್ ವಿಚಾರವನ್ನು ಮಾತ್ರ ಅಧ್ಯಯನ ಶಿಬಿರಗಳಲ್ಲಿ, ಹಾಡುಗಳಲ್ಲಿ ಆಡುಮಾತಿಗೆ ಇಳಿಸಿತು. ಇದನ್ನು ಅನುವಾದದ ಚರಿತ್ರೆ ಅಂತ ನಮ್ಮ ವಿಶ್ವವಿದ್ಯಾಲಯಗಳು ಬರೆದದ್ದು ಕಡಿಮೆ.

ಅಂಬೇಡ್ಕರ್ ಸಂಪುಟಗಳನ್ನು ಆಮೇಲೆ ಸರ್ಕಾರವೇ ಕನ್ನಡಕ್ಕೆ ತರಿಸಿತು. ಒಳ್ಳೆಯದೇ. ಆದರೆ ‘ಶ್ರೇಣೀಕೃತ ಅಸಮಾನತೆ’ ಎಂಬ ಮಾತನ್ನು ಕೇರಿಯ ಹುಡುಗನಿಗೆ ಇನ್ನೊಮ್ಮೆ ಬಿಡಿಸಿ ಹೇಳಬೇಕಾಗಿದೆ. ಅವನ ಅವ್ವನಿಗೆ ಆ ಮೆಟ್ಟಿಲು ಗೊತ್ತು. ಅದಕ್ಕೆ ಅವಳದೇ ಮಾತೂ ಇದೆ. ಆ ಮಾತು ಶಾಸ್ತ್ರದೊಳಗೆ ಪರಿಭಾಷೆಯಾಗಿ ಬರುವವರೆಗೂ ನಮ್ಮ ಅನುವಾದ ಅರ್ಧವೇ.