ವಿಲೇವಾರಿ ಅಂದರೆ ಏನು?

ನಮ್ಮಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಮನೆಗೆ ಬಂದು ಚೀಲ ನೇತುಹಾಕುತ್ತಾ "ಇವತ್ತು ಎಂಟು ಕಡತ ವಿಲೇವಾರಿ ಆಯ್ತು" ಅನ್ನೋರು. ಒಂದು ದಿನ ಅಮ್ಮ "ಹಂಗಂದ್ರೆ ಅಷ್ಟು ಜನರ ಕೆಲಸ ಆಯ್ತಾ?" ಅಂತ ಕೇಳಿದಳು. ಅಪ್ಪ ನಕ್ಕುಬಿಟ್ಟರು. "ಎಲ್ಲಿ ಆಯ್ತು? ನನ್ನ ಮೇಜಿಂದ ಡಿ.ಸಿ. ಆಫೀಸಿಗೆ ಹೋಯ್ತು, ಅಷ್ಟೆ."

ಈ ಮಾತು ಮತ್ತೆ ನೆನಪಾಗಿದ್ದು 2025ರ ಜನವರಿಯಲ್ಲಿ, ಟಿವಿಯಲ್ಲಿ ಭೋಪಾಲದ ಸುದ್ದಿ ನೋಡುವಾಗ. ಜನವರಿ 1ರ ರಾತ್ರಿ 12 ಕಂಟೇನರ್ ಲಾರಿಗಳು ಪೊಲೀಸ್ ಬೆಂಗಾವಲಿನಲ್ಲಿ ಊರು ಬಿಟ್ಟು ಹೊರಟಿದ್ದವು. ಒಳಗಿದ್ದದ್ದು ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 337 ಟನ್ ವಿಷದ ಕಸ. ದುರಂತ ನಡೆದು ಆಗಲೇ 40 ವರ್ಷ ಕಳೆದಿತ್ತು! ಅಲ್ಲಿಯವರೆಗೆ ಅದು ಎಲ್ಲಿತ್ತು, ಯಾಕಿತ್ತು ಅಂತ ಹುಡುಕುತ್ತಾ ಹೋದೆ. ನನಗೆ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಭೋಪಾಲ ಅಂದರೆ ನಮಗೆಲ್ಲ ನೆನಪಿಗೆ ಬರುವುದು 1984ರ ಡಿಸೆಂಬರ್ 2-3ರ ಆ ರಾತ್ರಿ. ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ, ಸರ್ಕಾರಿ ಲೆಕ್ಕದಲ್ಲೇ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೆ ಆ ಕಾರ್ಖಾನೆಗೆ ಇನ್ನೊಂದು ಕಥೆಯಿದೆ. ಅದು ಗಾಳಿಯದ್ದಲ್ಲ, ಮಣ್ಣಿನದು. ಅದು ಶುರುವಾಗಿದ್ದು ದುರಂತಕ್ಕೆ 15 ವರ್ಷ ಮೊದಲೇ.

1969ರಿಂದ ಅಲ್ಲಿ ಸೆವಿನ್ ಎಂಬ ಕೀಟನಾಶಕದ ಕೆಲಸ ನಡೆಯುತ್ತಿತ್ತು. ಉಳಿದ ರಾಸಾಯನಿಕ, ಕೆಟ್ಟುಹೋದ ಸರಕು, ತಳದ ಗಸಿ ಎಲ್ಲವನ್ನೂ ಕಾರ್ಖಾನೆಯ ಆವರಣದಲ್ಲೇ ಗುಂಡಿಗಳಿಗೆ ಸುರಿಯುತ್ತಿದ್ದರು. 1977ರಲ್ಲಿ ಗೋಡೆಯಾಚೆ ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಕೊಳಗಳನ್ನು ಮಾಡಿದರು. ವಿಷದ ನೀರನ್ನು ಅಲ್ಲಿಗೆ ಬಿಟ್ಟರೆ ಬಿಸಿಲಿಗೆ ನೀರು ಆರಿಹೋಗಿ ಗಸಿ ಉಳಿಯುತ್ತದೆ ಅನ್ನೋದು ಲೆಕ್ಕಾಚಾರ. ಕೊಳ ಸೋರುತ್ತಿದೆ ಅಂತ 1982ರಲ್ಲೇ ಕಂಪನಿಯೊಳಗೆ ಟೆಲೆಕ್ಸ್ ಸಂದೇಶಗಳು ಓಡಾಡಿದ್ದವು.

ದುರಂತವಾದ ಎರಡು ವಾರಕ್ಕೆ, ಟ್ಯಾಂಕುಗಳಲ್ಲಿ ಉಳಿದಿದ್ದ ಅನಿಲವನ್ನು ಏನು ಮಾಡುವುದು ಅನ್ನೋ ಪ್ರಶ್ನೆ ಬಂತು. ಡಿಸೆಂಬರ್ 16ರಿಂದ ಕಾರ್ಖಾನೆಯನ್ನೇ ಮತ್ತೆ ನಡೆಸಿ, ಅದನ್ನು ಕೀಟನಾಶಕವಾಗಿ ಬದಲಿಸಿ ಮುಗಿಸಿದರು. ಆ ಕೆಲಸಕ್ಕೆ 'ಆಪರೇಷನ್ ಫೇಯ್ತ್' ಅಂತ ಹೆಸರಿಟ್ಟಿದ್ದರು. ಅನಿಲ ಮುಗಿಯಿತು. ಗುಂಡಿಗಳಲ್ಲಿದ್ದದ್ದು ಹಾಗೇ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ, ಮೇಜಿನಿಂದ ಮೇಜಿಗೆ ಪ್ರಯಾಣ. 1989ರಲ್ಲಿ 47 ಕೋಟಿ ಡಾಲರಿಗೆ ಪರಿಹಾರದ ರಾಜಿ ಆಯಿತು. 1994ರಲ್ಲಿ ಅಮೆರಿಕದ ಕಂಪನಿ ತನ್ನ ಭಾರತದ ಕಂಪನಿಯ ಷೇರುಗಳನ್ನು ಮಾರಿತು. 1998ರಲ್ಲಿ ಗುತ್ತಿಗೆಯ ಜಾಗ ಮಧ್ಯಪ್ರದೇಶ ಸರ್ಕಾರಕ್ಕೆ ವಾಪಸಾಯಿತು. 2001ರಲ್ಲಿ ಯೂನಿಯನ್ ಕಾರ್ಬೈಡನ್ನೇ ಡೌ ಕಂಪನಿ ಕೊಂಡಿತು, ಭೋಪಾಲದ ಹೊಣೆ ತನ್ನದಲ್ಲ ಅಂದಿತು. ಜಾಗ ಕೈ ಬದಲಾಯಿತು, ಷೇರು ಕೈ ಬದಲಾಯಿತು, ಕಸ ಮಾತ್ರ ಕೂತಲ್ಲೇ ಕೂತಿತ್ತು. ಗೋಡೆಯಾಚೆಯ ಬಡಾವಣೆಗಳ ಜನ ಕೈಪಂಪು ಹೊಡೆದು ಅದೇ ನೆಲದ ನೀರು ಕುಡಿಯುತ್ತಿದ್ದರು. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಅಲ್ಲಿನ ಮಣ್ಣು-ನೀರು ಪರೀಕ್ಷಿಸಿದಾಗ ಪಾದರಸ ಮತ್ತು ಕ್ಲೋರಿನ್ ಸೇರಿದ ವಿಷಗಳು ಸಿಕ್ಕವು. ಅವರಿಗೆ ಶುದ್ಧ ನೀರು ಕೊಡಿ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಅದೇ 2004ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಮರುವರ್ಷ ಆವರಣದಲ್ಲಿ ಕಣ್ಣಿಗೆ ಬಿದ್ದ ಕಸವನ್ನೆಲ್ಲ ಒಟ್ಟುಮಾಡಿ ಒಂದು ಶೆಡ್ಡಿನಲ್ಲಿಟ್ಟರು. ಅದನ್ನು ಸುಡುವುದು ಎಲ್ಲಿ? ಗುಜರಾತಿನ ಅಂಕಲೇಶ್ವರ ಅಂದರು. ಗುಜರಾತ್ ಮೊದಲು ಒಪ್ಪಿ ಆಮೇಲೆ ಹಿಂದೆ ಸರಿಯಿತು. ನಾಗಪುರ ಅಂದರು, ಮಹಾರಾಷ್ಟ್ರ ಬೇಡ ಅಂತು. 2012ರಲ್ಲಿ ವಿಮಾನದಲ್ಲಿ ಜರ್ಮನಿಗೇ ಒಯ್ಯುತ್ತೇವೆ ಅಂತ ಸುಮಾರು 25 ಕೋಟಿ ರೂಪಾಯಿಯ ಮಾತುಕತೆ ನಡೆಯಿತು. ಸೆಪ್ಟೆಂಬರಿನಲ್ಲಿ ಆ ಜರ್ಮನ್ ಸಂಸ್ಥೆಯೂ ಕೈಚೆಲ್ಲಿತು. ನಮ್ಮೂರಿಗೆ ಬೇಡ ಅಂದವರನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮೂರಾಗಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ಕೊನೆಗೆ ಉಳಿದದ್ದು ಇಂದೋರ್ ಹತ್ತಿರದ ಪೀಥಂಪುರ, ಭೋಪಾಲದಿಂದ ಸುಮಾರು 250 ಕಿ.ಮೀ. 2015ರಲ್ಲಿ ಅಲ್ಲಿ 10 ಟನ್ ಸುಟ್ಟು ನೋಡಿದ್ದರು. 2024ರ ಡಿಸೆಂಬರಿನಲ್ಲಿ ಹೈಕೋರ್ಟ್ ನಾಲ್ಕು ವಾರದ ಗಡುವು ಕೊಟ್ಟ ಮೇಲೇ ಲಾರಿಗಳು ಹೊರಟಿದ್ದು. ಪೀಥಂಪುರದ ಜನ ಬೀದಿಗಿಳಿದರು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೋದರು. ಮೊದಲು ಮೂರು ಕಂತಿನಲ್ಲಿ 30 ಟನ್ ಸುಟ್ಟು ಪರೀಕ್ಷೆ ಮಾಡಿದರು. ಉಳಿದ 307 ಟನ್ನನ್ನು ಮೇ ಮೊದಲ ವಾರದಿಂದ ಜೂನ್ ಕೊನೆಯವರೆಗೆ, ಗಂಟೆಗೆ ಹೆಚ್ಚೆಂದರೆ 270 ಕಿಲೋ ಲೆಕ್ಕದಲ್ಲಿ, ಸುಟ್ಟು ಮುಗಿಸಿದರು. ಇದಕ್ಕೆಲ್ಲ ಕೇಂದ್ರ ಸರ್ಕಾರ ಕೊಟ್ಟ ಹಣ 126 ಕೋಟಿ.

ಮುಗೀತಲ್ಲ ಅಂತೀರಾ? ಸುಡುವಾಗ ಏಳುವ ಆಮ್ಲದ ಹೊಗೆಯನ್ನು ತಡೆಯಲು ಸುಣ್ಣ ಸೇರಿಸಬೇಕು. ಹಾಗಾಗಿ 337 ಟನ್ ಸುಟ್ಟ ಮೇಲೆ ಉಳಿದ ಬೂದಿ ಮತ್ತು ಇತರ ಶೇಷ 850 ಟನ್ನಿಗೂ ಹೆಚ್ಚು! ಈಗ ಅದನ್ನು ಹೂಳಬೇಕು, ಅದಕ್ಕೊಂದು ಗುಂಡಿ ಬೇಕು, ಆ ಗುಂಡಿ ಸೋರದಂತೆ ನೋಡಿಕೊಳ್ಳಬೇಕು. 1977ರ ಕೊಳದ ನೆನಪಾಗುವುದಿಲ್ಲವೇ?

ಇನ್ನೂ ಒಂದು ಲೆಕ್ಕವಿದೆ. 40 ವರ್ಷ ಎಲ್ಲರೂ ಗುದ್ದಾಡಿದ ಆ 337 ಟನ್, ಶೆಡ್ಡಿನಲ್ಲಿ ಮೂಟೆ ಕಟ್ಟಿ ಇಟ್ಟಿದ್ದ ಕಸ ಮಾತ್ರ. ನೀರಿ ಮತ್ತು ಎನ್.ಜಿ.ಆರ್.ಐ. ಸಂಸ್ಥೆಗಳು 2010ರಲ್ಲಿ ಕೊಟ್ಟ ವರದಿಯಲ್ಲಿ, ಕಾರ್ಖಾನೆಯ ಆವರಣದಲ್ಲಿ ಕೆಟ್ಟಿರುವ ಮಣ್ಣೇ ಸುಮಾರು 11 ಲಕ್ಷ ಟನ್ ಅಂತಿದೆ. ಅದು ಆ 12 ಲಾರಿಗಳಲ್ಲಿ ಹೋಗಲಿಲ್ಲ. ಪ್ರತಿ ಮಳೆಗಾಲ ನೀರು ಆ ಮಣ್ಣಿನೊಳಗಿಂದಲೇ ಇಳಿಯುತ್ತದೆ.

ಲಾರಿ ಹೊರಟ ದಿನ ಟಿವಿಯವರು "ಭೋಪಾಲ ವಿಷಮುಕ್ತ" ಅಂತ ದೊಡ್ಡದಾಗಿ ಹಾಕಿದ್ದರು. ಅಮ್ಮನಿಗೆ ಈಗ 78 ವರ್ಷ. ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಒಂದು ಗಳಿಗೆ ನೋಡಿ, ಅಪ್ಪನನ್ನು ಕೇಳಿದ ಹಾಗೇ ಕೇಳಿದಳು:

"ಅದೆಲ್ಲ ಸರಿ ಕಣೋ, ಈಗ ಅಲ್ಲಿಯವರು ಆ ನೀರು ಕುಡೀಬಹುದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ.