ವಿದೇಶಿ ವಿದ್ಯಾರ್ಥಿವೇತನ ಮತ್ತು ವಿಶ್ವವಿದ್ಯಾಲಯದ ಆಯ್ಕೆ: ಪಶ್ಚಿಮ ಬೆಂಗಳೂರು

ವಿದ್ಯಾರ್ಥಿವೇತನವನ್ನು ನಂಬಿ ಹೊರದೇಶಕ್ಕೆ ಓದಲು ಹೊರಡುವವರು ತಾವು ಸೇರಬೇಕಾದ ವಿಶ್ವವಿದ್ಯಾಲಯವನ್ನು ಗೊತ್ತುಮಾಡಿಕೊಳ್ಳುವ ಕ್ರಮ. ಸ್ವಂತ ಹಣದಲ್ಲಿ ಹೋಗುವವರು ಮೊದಲು ವಿಶ್ವವಿದ್ಯಾಲಯ ಹುಡುಕಿ ಆಮೇಲೆ ಹಣ ಹೊಂದಿಸುತ್ತಾರೆ. ಸ್ಕಾಲರ್‌ಶಿಪ್ ವಿದ್ಯಾರ್ಥಿಗೆ ಇದು ತಿರುವುಮುರುವಾಗುತ್ತದೆ: ಹಣ ಕೊಡುವವರ ಷರತ್ತು ದೇಶವನ್ನೂ, ಎಷ್ಟೋ ಸಲ ವಿಶ್ವವಿದ್ಯಾಲಯವನ್ನೂ ಮೊದಲೇ ತೀರ್ಮಾನಿಸಿರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಲ್ಲವೂ ನಗರದ ಪಶ್ಚಿಮಕ್ಕೇ ಇರುವುದರಿಂದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಮನೆಗಳಲ್ಲಿ ಈ ಲೆಕ್ಕಾಚಾರ ಪರಿಚಿತವಾದದ್ದೇ.

ಮಲ್ಲತ್ತಹಳ್ಳಿಯ ಕಾಲೇಜು ಯಾರ ಹೆಸರು ಹೊತ್ತಿದೆಯೋ ಅವರೇ ಈ ವಿಷಯದ ಹಳೆಯ ಮತ್ತು ಸ್ಪಷ್ಟ ಉದಾಹರಣೆ. ಬಿ.ಆರ್. ಅಂಬೇಡ್ಕರ್ 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ನೆರವಿನಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಅವಧಿ. 1916ರಲ್ಲಿ ಲಂಡನ್ನಿಗೆ ಹೋಗಿ ಓದು ಮುಂದುವರಿಸಿದರಾದರೂ ವೇತನದ ಅವಧಿ ಮುಗಿದು 1917ರಲ್ಲಿ ಮರಳಬೇಕಾಯಿತು. ದುಡಿದು ಹಣ ಕೂಡಿಸಿಕೊಂಡು ಮತ್ತೆ ಹೋಗಿ ಅಲ್ಲಿನ ಡಿ.ಎಸ್‌ಸಿ. ಪಡೆದದ್ದು 1923ರಲ್ಲಿ. ಕೋರ್ಸಿನ ಅವಧಿಯೂ ವೇತನದ ಅವಧಿಯೂ ಹೊಂದುತ್ತವೆಯೇ ಎಂಬುದು ಇಂದಿಗೂ ಮೊದಲು ನೋಡಬೇಕಾದ ಅಂಶ, ಪಿಎಚ್.ಡಿ.ಗೆ ಹೋಗುವವರಿಗಂತೂ ಇದೇ ಮುಖ್ಯ.

ರಾಜೇಶ್ವರಿ ಚಟರ್ಜಿಯವರದು ಇನ್ನೊಂದು ಬಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದ ಅವರು ಸರ್ಕಾರಿ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ತರಬೇತಿ ಪಡೆದ ಮೇಲೆ, 1949ರಲ್ಲಿ ಬಾರ್ಬರ್ ಸ್ಕಾಲರ್‌ಶಿಪ್ ದೊರೆತು ಮಿಷಿಗನ್ನಿಗೇ ಮರಳಿದರು. ಏಷ್ಯಾದ ಹೆಣ್ಣುಮಕ್ಕಳಿಗೆಂದು 1917ರಲ್ಲಿ ಆರಂಭವಾದ ಆ ವೇತನ ಆ ಒಂದೇ ವಿಶ್ವವಿದ್ಯಾಲಯದ್ದು. ಮೊದಲ ಹಣ ಸರ್ಕಾರದ್ದು, ಎರಡನೆಯದು ವಿಶ್ವವಿದ್ಯಾಲಯದ್ದೇ. ಬೇರೆ ಕಡೆ ಸೇರಿದ್ದರೆ ಈ ಎರಡನೆಯ ಬಾಗಿಲು ಅವರಿಗೆ ಅಷ್ಟು ಹತ್ತಿರವಿರುತ್ತಿರಲಿಲ್ಲ. ಸೇರಿದ ಮೇಲೆ ಒಳಗೇ ಸಿಗುವ ಇಂಥ ನೆರವನ್ನು ನಮ್ಮ ವಿದ್ಯಾರ್ಥಿಗಳು ಮೊದಲೇ ವಿಚಾರಿಸುವುದು ಕಡಿಮೆ, ವಿಚಾರಿಸುವುದೆಲ್ಲ ರ‍್ಯಾಂಕನ್ನೇ.

ಸಾಹಿತ್ಯದವರ ದಾರಿಯೂ ಹೀಗೆಯೇ ಇತ್ತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ರೋಡ್ಸ್ ವೇತನ ಪಡೆದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ರೋಡ್ಸ್ ಎಂದರೆ ಆಕ್ಸ್‌ಫರ್ಡ್, ಅಲ್ಲಿ ಆಯ್ಕೆಯ ಮಾತೇ ಇಲ್ಲ. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಓದಿ 1966ರಲ್ಲಿ ಪಿಎಚ್.ಡಿ. ಪಡೆದರು.

ಈಗ ಚಾಲ್ತಿಯಲ್ಲಿರುವ ಸರ್ಕಾರಿ ಯೋಜನೆಗಳಲ್ಲಿ ಹಳೆಯದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. 1954-55ರಲ್ಲಿ ಶುರುವಾದ ಇದು ಪರಿಶಿಷ್ಟ ಜಾತಿ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಮೀಸಲು. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು, ವಯಸ್ಸು 35ರೊಳಗಿರಬೇಕು, ಅಂಕ ಶೇ. 60 ಇರಬೇಕು. ಜೊತೆಗೆ ಕ್ಯೂಎಸ್ ಶ್ರೇಯಾಂಕದ ಮೊದಲ 500ರೊಳಗಿನ ವಿಶ್ವವಿದ್ಯಾಲಯವೊಂದರಿಂದ ಷರತ್ತಿಲ್ಲದ ಆಫರ್ ಲೆಟರ್ ಬೇಕು. ತೊಡಕು ಇಲ್ಲಿದೆ. ಕ್ಯೂಎಸ್‌ನ ಆ ಶ್ರೇಯಾಂಕ ಇಡೀ ವಿಶ್ವವಿದ್ಯಾಲಯಕ್ಕೆ ಸಂದದ್ದು, ವಿಭಾಗಕ್ಕಲ್ಲ. ಒಂದು ವಿಷಯದಲ್ಲಿ ಹೆಸರಾದ ಸಣ್ಣ ಸಂಸ್ಥೆ ಪಟ್ಟಿಯ ಹೊರಗೇ ಉಳಿಯಬಹುದು. ಇನ್ನು, ಕೊನೆಯ ಸೆಮಿಸ್ಟರಿನ ಫಲಿತಾಂಶ ಬಾರದೆ ಬಹಳಷ್ಟು ವಿಶ್ವವಿದ್ಯಾಲಯಗಳು ಕಂಡಿಷನಲ್ ಆಫರ್ ಮಾತ್ರ ಕೊಡುತ್ತವೆ. ಹಾಗಾಗಿ ಪದವಿ ಮುಗಿಸಿ ಒಂದು ವರ್ಷ ಕಳೆದು ಅರ್ಜಿ ಹಾಕುವವರಿಗೆ ಅನುಕೂಲ ಹೆಚ್ಚು. 2022ರ ಮಾರ್ಗಸೂಚಿಯಲ್ಲಿ ಭಾರತದ ಇತಿಹಾಸ, ಸಂಸ್ಕೃತಿ, ಸಮಾಜ ಕುರಿತ ಅಧ್ಯಯನವನ್ನು ಈ ವೇತನದ ವ್ಯಾಪ್ತಿಯಿಂದ ಕೈಬಿಡಲಾಯಿತು. ನಮ್ಮದೇ ಸಮಾಜವನ್ನು ಹೊರಗೆ ಕೂತು ಓದಬೇಕೆನ್ನುವವರು ಅಂದಿನಿಂದ ಬೇರೆ ನಿಧಿ ಹುಡುಕಬೇಕಾಯಿತು. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ‘ಪ್ರಬುದ್ಧ’ ಯೋಜನೆಯನ್ನು ನಡೆಸುತ್ತದೆ. ಅದರಲ್ಲಿ ಕುಟುಂಬದ ಆದಾಯಕ್ಕೆ ತಕ್ಕಂತೆ ನೆರವಿನ ಪಾಲು ಬದಲಾಗುತ್ತದೆ.

ಶುಲ್ಕವನ್ನು ಯೋಜನೆ ಕಟ್ಟಿದರೂ ಹೊಟ್ಟೆ, ಬಾಡಿಗೆಗಳ ಲೆಕ್ಕ ಬೇರೆ. ಕೇಂದ್ರದ ವೇತನದಲ್ಲಿ ಜೀವನವೆಚ್ಚಕ್ಕೆಂದು ಇರುವುದು ವರ್ಷಕ್ಕೆ 15,400 ಡಾಲರ್. ಬ್ರಿಟನ್ನಿಗಾದರೆ 9,900 ಪೌಂಡ್, ಅಂದರೆ ತಿಂಗಳಿಗೆ 825. ಬ್ರಿಟನ್ ಸರ್ಕಾರವೇ 2025ರ ಜನವರಿಯಲ್ಲಿ ವಿದ್ಯಾರ್ಥಿ ವೀಸಾಕ್ಕೆ ಗೊತ್ತುಮಾಡಿದ್ದ ಜೀವನವೆಚ್ಚ ಲಂಡನ್ನಿನಲ್ಲಿ ತಿಂಗಳಿಗೆ 1,483 ಪೌಂಡ್, ಹೊರಗೆ 1,136 ಇತ್ತು. ನ್ಯೂಯಾರ್ಕಿಗೂ ಸಣ್ಣ ಊರಿಗೂ ವೇತನದ ಮೊತ್ತ ಒಂದೇ ಆದ್ದರಿಂದ ಎರಡು ಸಮಾನ ವಿಶ್ವವಿದ್ಯಾಲಯಗಳಿದ್ದಾಗ ಸಣ್ಣ ಊರಿನದ್ದನ್ನು ಆರಿಸುವುದು ಜಾಣತನ. ಶುಲ್ಕದ ನೆರವೇ ಸಿಗದವರು ಜರ್ಮನಿಯತ್ತ ನೋಡುತ್ತಾರೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯೂರೋಪಿನ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ವೀಸಾಕ್ಕೆ ಮುನ್ನ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚಿಗೆ 11,904 ಯೂರೋ ಇಡಬೇಕು. 2022ರ ನವೆಂಬರಿನಿಂದ ಭಾರತೀಯರಿಗೆ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ.

ಪದವಿ ಎಷ್ಟು ವರ್ಷದ್ದು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಈಚೆಗೆ ಗೋಜಲಾಗಿದೆ. ರಾಜ್ಯ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ತಂದು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಬ್ರಿಟನ್ನಿಗೆ ಮೂರು ವರ್ಷದ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಸಾಕಾಗುತ್ತದೆ, ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷದ ಓದು ಕೇಳುತ್ತವೆ. ನಾಲ್ಕು ವರ್ಷದ ಬಿ.ಇ. ಓದಿದವರಿಗೆ ಈ ಚಿಂತೆ ಇಲ್ಲ. ಅವರ ಟ್ರಾನ್ಸ್‌ಕ್ರಿಪ್ಟ್, ವಿಟಿಯುಗೆ ಸೇರಿದ, ಸ್ವಾಯತ್ತವಲ್ಲದ ಕಾಲೇಜಾದರೆ, ಬೆಳಗಾವಿಯಿಂದ ಬರಬೇಕು. ಬೆಂಗಳೂರು ವಿಶ್ವವಿದ್ಯಾಲಯದವರದು ಜ್ಞಾನಭಾರತಿಯಲ್ಲೇ ಸಿಗುತ್ತದೆ. ಹೆಸರಿನ ತಕರಾರೂ ಒಂದಿದೆ. ನಮ್ಮಲ್ಲಿ ಊರು, ತಂದೆಯ ಹೆಸರುಗಳು ಇನಿಷಿಯಲ್ಲುಗಳಾಗಿ ಮುಂದೆ ಕೂರುತ್ತವೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ ಇದ್ದರೆ ಎರಡೂ ಒಬ್ಬರವೇ ಎಂದು ತೋರಿಸಲು ಅಫಿಡವಿಟ್ ಮಾಡಿಸುವವರು ಉಂಟು.

ಬಡಾವಣೆಯ ಕನ್ಸಲ್ಟೆನ್ಸಿಗಳ ಸಲಹೆಯನ್ನು ಎಚ್ಚರದಿಂದ ತೂಗಬೇಕು. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿಶ್ವವಿದ್ಯಾಲಯದಿಂದ ಕಮಿಷನ್ ಪಡೆಯುವ ಏಜೆಂಟರು ಹಲವರಿದ್ದಾರೆ. ಕಮಿಷನ್ ಕೊಡದ ಕಡೆಯ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ.

ಓದಿ ಮುಗಿದ ಮೇಲಿನ ಕಟ್ಟುಪಾಡೂ ಆಯ್ಕೆಯ ಭಾಗವೇ. ಬ್ರಿಟನ್ನಿನ ಚೀವನಿಂಗ್ ವೇತನ ಒಂದು ವರ್ಷದ ಸ್ನಾತಕೋತ್ತರ ಓದಿಗೆ ದೊರೆಯುತ್ತದೆ, ಮುಗಿಸಿದವರು ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಫುಲ್‌ಬ್ರೈಟ್ ವೇತನದ ಮೇಲೆ ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಹೋದವರು ಎರಡು ವರ್ಷ ಭಾರತದಲ್ಲಿದ್ದ ಮೇಲೆಯೇ ಅಲ್ಲಿನ ಎಚ್-1ಬಿ ಉದ್ಯೋಗ ವೀಸಾ ಪಡೆಯಬಹುದು. ಸಾಲ ತೀರಿಸಲು ಅಲ್ಲೇ ಒಂದೆರಡು ವರ್ಷ ದುಡಿಯುವ ಲೆಕ್ಕ ಹಾಕಿದ ಮನೆಯವರು ಇದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಬೇಕು.