ಡಬ್ಬ ಬಿಚ್ಚಿದವರ ಚರಿತ್ರೆ

ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗೆ ಬಟ್ಟೆಯ ಗವಸು ಹೊದ್ದ ಮಾನಿಟರುಗಳು, ಪಕ್ಕದಲ್ಲಿ ಮಾಸಲು ಬಣ್ಣದ ಡಬ್ಬಗಳು. ಆ ಡಬ್ಬಕ್ಕೇ ನಾವು ‘ಸಿಪಿಯು’ ಎನ್ನುತ್ತಿದ್ದೆವು. ಕೀಬೋರ್ಡ್ ಒತ್ತಬಹುದಿತ್ತು, ಡಬ್ಬ ಮುಟ್ಟುವ ಹಾಗಿರಲಿಲ್ಲ. ನಿಜವಾದ ಸಿಪಿಯು ಅದರೊಳಗಿನ ಬಿಸ್ಕತ್ತಿನಷ್ಟು ಅಗಲದ ಬಿಲ್ಲೆ ಎಂದು ನಮಗೆ ಗೊತ್ತಾದದ್ದು ಪದವಿ ಮುಗಿದ ಮೇಲೆ, ಮಾಯಸಂದ್ರದಲ್ಲಿ ಗುಜರಿಗೆ ಹೊರಟಿದ್ದ ಹಳೆಯ ಯಂತ್ರವೊಂದನ್ನು ತಂದು ಬಿಚ್ಚಿದಾಗ. ಅದರ ಡಬ್ಬ ತುಕ್ಕು ಹಿಡಿದಿತ್ತು, ಒಳಗಿನದೆಲ್ಲ ಚೆನ್ನಾಗಿತ್ತು. ಬೇರೆ ಡಬ್ಬ ಕೊಳ್ಳಲು ಕಾಸಿರಲಿಲ್ಲ. ಹಾಸ್ಟೆಲ್ಲಿಗೆ ಒಯ್ಯುತ್ತಿದ್ದ ತಗಡಿನ ಟ್ರಂಕು ಮನೆಯಲ್ಲಿ ಬಿದ್ದಿತ್ತು.

ಕಂಪ್ಯೂಟರನ್ನು ಟ್ರಂಕು, ಹಳೇ ರೇಡಿಯೋ, ಸೂಟ್‌ಕೇಸ್, ಬ್ರೆಡ್ ಸುಡುವ ಟೋಸ್ಟರ್ ಇಂಥವುಗಳೊಳಗೆ ಕೂರಿಸುವುದು ಹೊರದೇಶಗಳಲ್ಲಿ ದೊಡ್ಡ ಹವ್ಯಾಸ. ‘ಕೇಸ್ ಮಾಡಿಂಗ್’ ಎಂದು ಅದಕ್ಕೆ ಹೆಸರು. ಮೇಲ್ನೋಟಕ್ಕೆ ಕೆಲಸವಿಲ್ಲದವರ ಕಸುಬು ಅನಿಸುತ್ತದೆ. ಅದರ ಚರಿತ್ರೆ ಓದಿದರೆ ಬೇರೆಯೇ ಕಾಣುತ್ತದೆ: ಮನೆ ಕಂಪ್ಯೂಟರಿಗೆ ಮೊದಮೊದಲು ಸಿದ್ಧ ಡಬ್ಬವೇ ಖಾತ್ರಿಯಿರಲಿಲ್ಲ.

1975ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಬಂತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳಬೇಕು. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಮುಂದುಗಡೆ ಸ್ವಿಚ್ಚುಗಳು ಮತ್ತು ಮಿಣುಕು ದೀಪಗಳು ಅಷ್ಟೇ. ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಒಂದು ಕಾರ್ ಶೆಡ್ಡಿನಲ್ಲಿ ಇದರ ಹುಚ್ಚು ಹಿಡಿದವರು ಸೇರಿ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಶುರುಮಾಡಿದರು. ಆ ವರ್ಷವೇ ಸ್ಟೀವ್ ಡಾಂಪಿಯರ್ ಎಂಬ ಸದಸ್ಯ ಆಲ್ಟೇರ್ ಪಕ್ಕ ಒಂದು ರೇಡಿಯೋ ಇಟ್ಟು, ಯಂತ್ರ ಸೂಸುವ ಗರಗರ ಸದ್ದನ್ನೇ ಲೆಕ್ಕ ಹಾಕಿ ಬೀಟಲ್ಸ್ ತಂಡದ ಹಾಡೊಂದನ್ನು ನುಡಿಸಿ ತೋರಿಸಿದ.

ಅದೇ ಕ್ಲಬ್ಬಿನ ಸ್ಟೀವ್ ವೋಜ್ನಿಯಾಕ್ ರೂಪಿಸಿದ ಆಪಲ್-1 ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ಬರೀ ಒಂದು ಸರ್ಕ್ಯೂಟ್ ಬೋರ್ಡ್ ಆಗಿ. ಡಬ್ಬ, ಕೀಬೋರ್ಡ್, ಟ್ರಾನ್ಸ್‌ಫಾರ್ಮರ್ ಎಲ್ಲ ಕೊಂಡವರ ಪಾಡು. ತಯಾರಾದದ್ದು ಸುಮಾರು 200. ಕೊಂಡವರಲ್ಲಿ ಕೆಲವರು ಮರದ ಪೆಟ್ಟಿಗೆ ಮಾಡಿಸಿದರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿರುವ ಆಪಲ್-1 ಅಂಥ ಮರದ ಪೆಟ್ಟಿಗೆಯಲ್ಲೇ ಇದೆ.

ಮರುವರ್ಷ ಆಪಲ್-2 ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಬಂತು. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂದ ಮೇಲೆ ಮಾಸಲು ಬಣ್ಣದ ತಗಡಿನ ಡಬ್ಬವೇ ಕಂಪ್ಯೂಟರಿನ ಮುಖವಾಯಿತು. ತಗಡಿಗೆ ಕಾರಣವೂ ಇತ್ತು. ಡಾಂಪಿಯರ್ ಹಾಡು ನುಡಿಸಿದ ಆ ಗರಗರವೇ ಪಕ್ಕದ ಮನೆಯ ರೇಡಿಯೋ, ಟಿವಿಗೆ ಕಾಟ. ಲೋಹದ ಹೊದಿಕೆ ಅದನ್ನು ತಡೆಯುತ್ತದೆ.

ಡಬ್ಬವನ್ನು ಮತ್ತೆ ಬಿಚ್ಚಿಸಿದ್ದು ಬಿಸಿ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ ಬಂತು. ಅದರ ಘೋಷಿತ ವೇಗ 300 ಮೆಗಾಹರ್ಟ್ಸ್; ಆಟದ ಹುಚ್ಚಿನ ಹುಡುಗರು ಅದನ್ನು 450ರಲ್ಲಿ ಓಡಿಸಿದರು. ವೇಗ ಏರಿಸಿದರೆ ಬಿಸಿಯೂ ಏರುತ್ತದೆ. ಫ್ಯಾನಿಗೆಂದು ತಗಡು ಕೊರೆದರು. ಕೊರೆದ ಮೇಲೆ ಒಳಗಿನದು ಕಾಣಲಿ ಎಂದು ಪಾರದರ್ಶಕ ಹಾಳೆ ಕೂರಿಸಿದರು, ದೀಪ ಹಾಕಿದರು. ಆಮೇಲೆ ಡಬ್ಬವನ್ನೇ ಬದಲಿಸಿದರು. ಇದಕ್ಕೆ ಎರಡು ಅಳತೆಗಳು ನೆರವಾದವು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿಯಿಂದ ಬೋರ್ಡಿನ ಸ್ಕ್ರೂ ತೂತುಗಳ ಜಾಗ ನಿಗದಿಯಾಯಿತು. ತೂತಿನ ಲೆಕ್ಕ ಗೊತ್ತಿದ್ದವನಿಗೆ ಯಾವ ಪೆಟ್ಟಿಗೆಯಾದರೂ ಸರಿ. 2001ರಲ್ಲಿ ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಬೋರ್ಡನ್ನು ತಂದಿತು. ಟೋಸ್ಟರಿನೊಳಗೂ ಹಿಡಿಯುವಂತಾದದ್ದು ಹಾಗೆ.

ಎಲ್ಲವೂ ಮೋಜಿಗಲ್ಲ. 1996ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ತಮ್ಮ ಹುಡುಕಾಟದ ಪ್ರಯೋಗಕ್ಕಾಗಿ ತಲಾ 4 ಜಿಬಿಯ ಹತ್ತು ಡಿಸ್ಕುಗಳನ್ನು ಮಕ್ಕಳ ಆಟಿಕೆ ಇಟ್ಟಿಗೆಗಳಿಂದ ಕಟ್ಟಿದ ಗೂಡಿನಲ್ಲಿಟ್ಟಿದ್ದರು. ಆ ಪ್ರಯೋಗವೇ ಗೂಗಲ್ ಆಯಿತು.

ನಮ್ಮ ಕಡೆ ಡಬ್ಬ ಬಿಚ್ಚಿದ್ದು ಹವ್ಯಾಸಕ್ಕಿಂತ ಹೆಚ್ಚಾಗಿ ಉಳಿತಾಯಕ್ಕೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡ್ ಒಂದು ಅಂಗಡಿ, ರ‍್ಯಾಮ್ ಇನ್ನೊಂದು ಅಂಗಡಿ ಎಂದು ಸುತ್ತಿ, ಕೊನೆಗೆ ‘ಕ್ಯಾಬಿನೆಟ್’ ಕೊಂಡು ಮಾಡಿಸುವ ‘ಅಸೆಂಬಲ್ಡ್ ಸೆಟ್’ ಕಂಪನಿ ಯಂತ್ರಕ್ಕಿಂತ ಅಗ್ಗ. ನಮ್ಮ ಊರುಗಳ ಡಿಟಿಪಿ ಅಂಗಡಿಗಳು, ಸೈಬರ್ ಸೆಂಟರುಗಳು ಇಂಥ ಸೆಟ್ಟುಗಳ ಮೇಲೆ ನಡೆದವು. ಅವನ್ನು ಜೋಡಿಸಲು ಕಲಿತ ಎಷ್ಟೋ ಹುಡುಗರಿಗೆ ಅದೇ ಅನ್ನವಾಯಿತು.

ಬೆಂಗಳೂರಿನಲ್ಲೇ ಇನ್ನೊಂದು ಪ್ರಯತ್ನವೂ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಸೇರಿ ಹಳ್ಳಿಯ ಬಳಕೆಗೆಂದು ಅಂಗೈ ಅಗಲದ ‘ಸಿಂಪ್ಯೂಟರ್’ ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಕೀಬೋರ್ಡ್ ಇಲ್ಲ, ಕಡ್ಡಿಯಿಂದ ಮುಟ್ಟಿದರಾಯಿತು. ಒಂದೇ ಯಂತ್ರವನ್ನು ಊರೆಲ್ಲ ಹಂಚಿಕೊಳ್ಳಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬ ಯೋಚನೆ. ವಿನ್ಯಾಸವನ್ನೂ ಬಚ್ಚಿಡದೆ ಪರವಾನಗಿಯ ಮೇಲೆ ತೆರೆದಿಟ್ಟರು. 2004ರಲ್ಲಿ ಬಿಇಎಲ್ ‘ಅಮಿಡಾ’ ಹೆಸರಿನಲ್ಲಿ ತಯಾರಿಸಿತು. ನೆನೆಸಿದಷ್ಟು ಮಾರಾಟವಾಗಲಿಲ್ಲ. ಅಂಗೈ ಯಂತ್ರ ಹಳ್ಳಿಗೆ ಬಂದದ್ದು ಆಮೇಲೆ, ಮೊಬೈಲಾಗಿ. ಅಂಟು ಹಾಕಿ ಮುಚ್ಚಿದ, ಬ್ಯಾಟರಿಯನ್ನೂ ನಾವೇ ತೆಗೆಯಲಾಗದ ಡಬ್ಬವಾಗಿ.

ನಮ್ಮ ಟ್ರಂಕಿನ ಕಥೆ ಮುಗಿಸುತ್ತೇವೆ. ಮೊದಲ ಸಲ ಬೋರ್ಡನ್ನು ನೇರ ತಗಡಿನ ಮೇಲೆ ಮಲಗಿಸಿದ್ದೆವು. ಶಾರ್ಟ್ ಆಗಿ ಯಂತ್ರ ಏಳಲೇ ಇಲ್ಲ. ಸುಡದೆ ಉಳಿದದ್ದು ನಮ್ಮ ಪುಣ್ಯ. ಆಮೇಲೆ ಹಳೇ ಡಬ್ಬದ ಹಿತ್ತಾಳೆ ಗುಬಟುಗಳನ್ನು ಬಿಚ್ಚಿ ತಂದು, ಬೋರ್ಡನ್ನು ಅವುಗಳ ಮೇಲೆ ಎತ್ತಿ ಕೂರಿಸಿದೆವು. ಒಂದು ಬದಿ ಗಾಳಿ ಒಳಬರಲು, ಎದುರು ಬದಿ ಬಿಸಿ ಹೊರಹೋಗಲು ತೂತು ಕೊರೆದೆವು. ಅಟ್ಟದ ಮೇಲಿನ ಕಾಯಿ ತಿಂಗಳುಗಟ್ಟಲೆ ಸಿಪ್ಪೆಯೊಳಗೆ ಮುಚ್ಚಿಕೊಂಡಿದ್ದೇ ಉಂಡೆ ಕೊಬ್ಬರಿಯಾಗುತ್ತದೆ. ಕಂಪ್ಯೂಟರ್ ಹಾಗೆ ಮುಚ್ಚಿಟ್ಟರೆ ಬೇಯುತ್ತದೆ. ನಾರಿನ ದೂಳಿಗೆ ತೂತುಗಳ ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿದೆವು. ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ನಿಂತಿರುತ್ತದೆ.

ಈಗ ಈ ಬರಹವನ್ನು ಆ ಟ್ರಂಕಿನಲ್ಲೇ ಟೈಪು ಮಾಡುತ್ತಿದ್ದೇವೆ. ಪಕ್ಕದ ಮನೆಯ ಹೈಸ್ಕೂಲು ಹುಡುಗಿಯರಿಬ್ಬರು ದಿನಾ ಬಂದು ಮುಚ್ಚಳ ತೆಗೆಸಿ ನೋಡುತ್ತಾರೆ. ಯಾವುದು ಸಿಪಿಯು ಎಂದರೆ ಫ್ಯಾನಿನ ಕೆಳಗೆ ಬೆರಳು ತೋರಿಸುತ್ತಾರೆ. ತಮ್ಮ ಶಾಲೆಯ ಮೂಲೆಯಲ್ಲಿ ಕೆಟ್ಟು ನಿಂತ ನಾಲ್ಕು ಡಬ್ಬಗಳಿವೆಯಂತೆ. ಅವನ್ನು ಬಿಚ್ಚಿ ನೋಡಬಹುದೇ ಎಂದು ಮೇಷ್ಟ್ರನ್ನು ಕೇಳಲು ಸೋಮವಾರ ಅವರ ಜೊತೆ ನಾವೂ ಹೋಗುತ್ತಿದ್ದೇವೆ.